ಸೈಡ್‌ವಿಂಗಿನಲ್ಲಿ ಕೂತು ಅಂಕ ಕೊಟ್ಟವರು

ಆಗಸ್ಟ್ ಮೂರು, ಭಾನುವಾರ. ಬೆಳಿಗ್ಗೆ ಆರು ಐವತ್ತಕ್ಕೆ ಇದನ್ನು ಬರೆಯಲು ಶುರು ಮಾಡಿದ್ದೇನೆ. ತರೀಕೆರೆಯಲ್ಲಿ ಮೋಡವಿದೆ, ಮಳೆಯಿಲ್ಲ.

ನಾಳೆ ಹನ್ನೊಂದು ಗಂಟೆಯೊಳಗೆ ನಮ್ಮ ಕಾಲೇಜಿನ ಇಂಗ್ಲಿಷ್ ವಿಭಾಗದ ಮುಖ್ಯಸ್ಥೆಗೆ ನಾನೊಂದು ಹಾಳೆ ಕೊಡಬೇಕು. ಮೇಲ್ಗಡೆ ‘ಅಂಕ ಹಂಚಿಕೆ’ ಎಂದು ಬರೆದು ಹದಿನೈದು ದಿನವಾಯಿತು. ಕೆಳಗೆ ಏನೂ ಇಲ್ಲ. ಏನೂ ಇಲ್ಲದಿರುವುದಕ್ಕೆ ಕಾರಣರಾದವರು ಕಳೆದ ತಿಂಗಳು ಅಜ್ಜಂಪುರದ ತಮ್ಮ ಮನೆಯಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗಲೂ ನನಗೆ ಅವರ ಮೇಲೆ ಸಿಟ್ಟಿತ್ತು. ಈಗ ಆ ಸಿಟ್ಟನ್ನು ಬದಿಗಿಟ್ಟು ಬರೆದರೆ ಬೇರೆ ಯಾರದ್ದೋ ಚಿತ್ರವಾಗುತ್ತದೆ.

ಹೆಸರು ಬರೆಯುವುದಿಲ್ಲ. ಅವರ ಮಗಳು ಬೇಡವೆಂದಿದ್ದಾರೆ. ಕಡೂರಿನಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಇಲ್ಲೂ ಹಾಗೇ ಇರಲಿ.

ಮೇಷ್ಟ್ರಿಗೆ ಎರಡು ಕಸುಬು. ಹಗಲು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ. ಕೊಯ್ಲು ಮುಗಿದ ಮೇಲೆ ಹಳ್ಳಿಗಳಿಗೆ ಹೋಗಿ ಹಾರ್ಮೋನಿಯಂ ಹಿಡಿದು ಪೌರಾಣಿಕ ನಾಟಕ ಕಲಿಸುವುದು. ನಿವೃತ್ತಿಯಾದ ಮೇಲೆ ಎರಡನ್ನೂ ಒಂದು ಮಾಡಿಬಿಟ್ಟರು. ಕಡೂರಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನಾಟಕದ ಸೀನರಿ, ಕಿರೀಟ, ಗದೆಗಳನ್ನು ಬಾಡಿಗೆಗೆ ಕೊಡುವ ಅಂಗಡಿಯೊಂದಿತ್ತು. ಅದರ ಮಹಡಿಯ ಮೇಲೆ ಪರದೆಗಳನ್ನು ಹರವಿ ಬಣ್ಣ ತಿದ್ದಲು ಕಟ್ಟಿಸಿದ ಉದ್ದನೆಯ ಹಾಲ್. ಭಾನುವಾರ ಆ ಹಾಲಿನಲ್ಲಿ ಮೇಷ್ಟ್ರ ಇಂಗ್ಲಿಷ್ ತರಗತಿ. ಬಿ.ಎಡ್. ಮುಗಿಸಿದವರು, ಇಲಾಖಾ ಪರೀಕ್ಷೆಗೆ ಕೂರುವ ನೌಕರರು, ನರ್ಸುಗಳು, ನನ್ನಂತೆ ಉಪನ್ಯಾಸಕಿಯಾಗಲು ಹೊರಟವರು ಬರುತ್ತಿದ್ದರು. ವ್ಯಾಕರಣ ಆಗಲೇ ಬಲ್ಲವರಿಗೆ ಮಾತ್ರ ಪ್ರವೇಶ. ಉಳಿದವರು ಬಂದರೆ ಮೆಟ್ಟಿಲ ಮೇಲೇ ತಡೆದು ಹೇಳುತ್ತಿದ್ದರು: “ಎ ಬಿ ಸಿ ಡಿ ಬೇಕಾದೋರು ಕೆಳಗಡೆ ಅಂಗ್ಡೀಲಿ ಕೇಳ್ರಪ್ಪ, ಕಿರೀಟದ ಜೊತೆ ಕೊಡ್ತಾರೆ.”

ಮೊದಲ ಗಂಟೆ ಪಾಠ, ಎರಡನೇ ಗಂಟೆ ಪರೀಕ್ಷೆ. ಹಾಳೆಯಿಲ್ಲ, ಪೆನ್ನಿಲ್ಲ. ಹಾಲಿನ ಒಂದು ತುದಿಯಲ್ಲಿ ಮೊಣಕಾಲೆತ್ತರದ ಹಲಗೆಯ ವೇದಿಕೆ, ಹಿಂದೆ ನಾಲ್ಕು ಪರದೆ: ಅರಮನೆ, ಕಾಡು, ಬೀದಿ, ಹೂದೋಟ. ಇಬ್ಬರ ಹೆಸರು ಕರೆದು ಒಂದು ಪರದೆ ಇಳಿಸುತ್ತಿದ್ದರು. ಅರಮನೆ ಇಳಿದರೆ ಒಬ್ಬ ರಾಜ, ಇನ್ನೊಬ್ಬ ಶತ್ರುದೇಶಕ್ಕೆ ಹೋಗಿಬಂದ ದೂತ. ಅಲ್ಲಿ ಯಾರು ಏನೆಂದರು, ಏನೆಂದು ಗದರಿಸಿದರು, ಏನೆಂದು ಬೇಡಿಕೊಂಡರು ಎಂಬುದನ್ನೆಲ್ಲ ದೂತ ಇಂಗ್ಲಿಷಿನಲ್ಲಿ ವರದಿ ಒಪ್ಪಿಸಬೇಕು. ಆಡಿದ ಮಾತನ್ನು ಇನ್ನೊಬ್ಬರ ಮಾತಾಗಿ ಹೇಳುವ ವ್ಯಾಕರಣವೆಲ್ಲ ಅದರಲ್ಲೇ ಬಂದುಹೋಗುತ್ತಿತ್ತು. ಕಾಡು ಇಳಿದರೆ ದಾರಿ ತಪ್ಪಿದವರು: ಹೀಗಿರಬಹುದು, ಹಾಗಾಗಿರಲಾರದು, ಹೀಗೆ ಆಗಿರಲೇಬೇಕು ಎಂಬ ಊಹೆಯ ವಾಕ್ಯಗಳು. ಬೀದಿ ಇಳಿದರೆ ಜಗಳ.

ಪದಸಂಪತ್ತಿನ ಪರೀಕ್ಷೆಗೆ ಬಾಯೇ ಬೇಡ. ಹತ್ತು ಬಗೆಯ ನಡಿಗೆಗೆ ಇಂಗ್ಲಿಷಿನಲ್ಲಿ ಹತ್ತು ಪದ ಹೇಳಿಕೊಟ್ಟು, ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಉಸುರಿ ವೇದಿಕೆಯ ಈ ಕಡೆಯಿಂದ ಆ ಕಡೆಗೆ ನಡೆಸುತ್ತಿದ್ದರು. ನೋಡುವವರು ಪದ ಹೇಳಬೇಕು. ಒಂದು ಭಾನುವಾರ ಕಾಫಿ ಲೋಟ ತರಿಸಿ, ಮನಸ್ಸಿಲ್ಲದೆ ಕೊಡುವುದಕ್ಕೂ ಹೊಟ್ಟೆಯುರಿಯಿಂದ ಕೊಡುವುದಕ್ಕೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಪದವಿದೆ, ಎರಡನ್ನೂ ಕೊಟ್ಟು ತೋರಿಸಿ ಎಂದರು. ತರೀಕೆರೆ ಅಂಚೆ ಕಚೇರಿಯ ಮಂಜಣ್ಣ ಎದ್ದ. ಬಡ್ತಿಯ ಪರೀಕ್ಷೆಗೆಂದು ಬರುತ್ತಿದ್ದವನು. ಊರಿನ ನಾಟಕಗಳಲ್ಲಿ ಗದೆ ಹಿಡಿಯುವ ಪಾತ್ರ ಅವನಿಗೇ ಮೀಸಲು, ಅಷ್ಟು ದೊಡ್ಡ ದೇಹ. ಲೋಟವನ್ನು ಒಂದು ಸಲ ಕೊಟ್ಟ. ಇನ್ನೊಂದು ಸಲ ಕೊಡುವಾಗ ಸಾಸರಿಗೆ ಅರ್ಧ ಚೆಲ್ಲುವಂತೆ ಕುಕ್ಕಿದ.

“ಎರಡನೇದು ಯಾವ್ದಪ್ಪ?” ಮೇಷ್ಟ್ರು ಕೇಳಿದರು.

“ನಮ್ಮತ್ತೆ ಮನೆ ಕಾಫಿ ಸಾರ್,” ಎಂದ ಮಂಜಣ್ಣ. “ಇಂಗ್ಲಿಷ್ ಪದ ಮರ್ತೋಯ್ತು. ಕಾಫಿ ಮರೆಯೋದಿಲ್ಲ.”

ಮೇಷ್ಟ್ರು ಹಾರ್ಮೋನಿಯಂ ಮೇಲೆ ಹಣೆಯಿಟ್ಟು ನಕ್ಕರು. ಆಮೇಲೆ ಪದ ಕೇಳಿದಾಗ ಇಡೀ ಹಾಲಿಗೆ ಅದು ಬಾಯಿಗೆ ಬಂತು. ಈಗಲೂ ಆ ಪದವನ್ನು ಎಲ್ಲಾದರೂ ಓದಿದರೆ ನನಗೆ ಮಂಜಣ್ಣನ ಕೈ ಕಾಣುತ್ತದೆ.

ಇಷ್ಟರ ಮಟ್ಟಿಗೆ ಯಾರೇ ಆದರೂ ಅವರನ್ನು ಮೆಚ್ಚಬೇಕು. ನನ್ನ ತಕರಾರು ಅಂಕದ್ದು.

ಪರೀಕ್ಷೆ ನಡೆಯುವಾಗ ಮೇಷ್ಟ್ರು ಎದುರಿಗೆ ಕೂರುತ್ತಿರಲಿಲ್ಲ. ಪರದೆಯ ಪಕ್ಕದ ಸೈಡ್‌ವಿಂಗಿನ ಮರೆಯಲ್ಲಿ ಸ್ಟೂಲ್ ಹಾಕಿಕೊಂಡು, ತೊಡೆಯ ಮೇಲೆ ಹಾರ್ಮೋನಿಯಂ ಇಟ್ಟುಕೊಂಡು ಕೂರುತ್ತಿದ್ದರು. ಯಾರನ್ನು ಪರೀಕ್ಷೆ ಮಾಡಬೇಕೋ ಅವರ ಬೆನ್ನ ಹಿಂದಿನ ವಿಂಗಿಗೇ ಹೋಗುತ್ತಿದ್ದರು. ಅವರದು ಮುಗಿಯಿತೆಂದರೆ ಸ್ಟೂಲು, ಪೆಟ್ಟಿಗೆ ಎರಡನ್ನೂ ಎತ್ತಿಕೊಂಡು ಪರದೆಯ ಹಿಂದಿನಿಂದ ಹಾದು ಇನ್ನೊಬ್ಬರ ಬೆನ್ನ ಹಿಂದೆ. ಎಪ್ಪತ್ತು ದಾಟಿದ ಮನುಷ್ಯ ಬಗ್ಗಿಕೊಂಡು ಓಡಾಡುವಾಗ ಹೂದೋಟದ ಪರದೆ ಅಲ್ಲಾಡುತ್ತಿತ್ತು. ಅವರ ಮುಖ ಕಂಡರೆ ನಾವು ಹೆದರುತ್ತೇವೆಂದು ಮರೆಯಲ್ಲಿ ಕೂರುತ್ತಾರೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಕೊನೆಗೆ ಒಬ್ಬೊಬ್ಬರನ್ನೇ ಕರೆದು ಅಂಕವನ್ನು ಕಿವಿಯಲ್ಲಿ ಹೇಳುತ್ತಿದ್ದರು. ಹತ್ತಕ್ಕೆ ಇಷ್ಟು, ಅಷ್ಟೇ. ಬೇರೆಯವರಿಗೆ ಹೇಳುವಂತಿಲ್ಲ. “ಅಂಕ ಅನ್ನೋದು ಬಚ್ಚಲ್ಮನೆ ವಿಷಯ ಕಣ್ರಮ್ಮ. ಬೀದೀಲಿ ಮಾತಾಡಬಾರ್ದು.” ದೊಡ್ಡವರ ತರಗತಿಯಾದ್ದರಿಂದಲೋ ಏನೋ, ಅಥವಾ ಒಳ್ಳೆಯ ಅಂಕ ಬಂದವರು ಕಡಿಮೆಯಿದ್ದರೋ ಏನೋ, ಆ ಕಟ್ಟಳೆಯನ್ನು ಯಾರೂ ಮುರಿಯಲಿಲ್ಲ.

ನಾನು ದಿನಚರಿ ಬರೆಯುವವಳು. ಎರಡು ವರ್ಷದಲ್ಲಿ ನಾನು ನಿಂತ ಪರೀಕ್ಷೆ ಮೂವತ್ತೊಂದು. ಐದಕ್ಕಿಂತ ಹೆಚ್ಚು ಬಂದದ್ದು ನಾಲ್ಕೇ ಸಲ. ಆ ತರಗತಿಯಲ್ಲಿ ವ್ಯಾಕರಣ ನನಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಪಾಠದ ಗಂಟೆಯಲ್ಲಿ ಅನುಮಾನ ಬಂದರೆ ಮೇಷ್ಟ್ರೇ ನನ್ನ ಕಡೆ ತಿರುಗುತ್ತಿದ್ದರು.

ಒಂದು ಭಾನುವಾರದ್ದು ಹೇಳುತ್ತೇನೆ. ಬೀದಿಯ ಪರದೆ ಇಳಿಯಿತು. ನಾನು ಮತ್ತು ಮಂಜಣ್ಣ ಅಕ್ಕ ತಮ್ಮ, ಬಸ್ಸು ತಪ್ಪಿಸಿಕೊಂಡು ಮದುವೆಯ ಮುಹೂರ್ತಕ್ಕೆ ತಡವಾದವರು. ಆಗದೆ ಹೋದದ್ದರ ಬಗ್ಗೆ ಮಾತಾಡಬೇಕು. ನಾನು ಶುರು ಮಾಡಿದೆ: ನೀನು ನಿನ್ನೆಯೇ ತಿಳಿಸಿದ್ದರೆ ಈ ಹೊತ್ತಿಗೆ ಸಖರಾಯಪಟ್ಟಣ ದಾಟಿರುತ್ತಿದ್ದೆವು, ದಾಟಿದ್ದರೆ ಅಪ್ಪನ ಬೈಗುಳ ತಪ್ಪಿರುತ್ತಿತ್ತು, ನೀನು ತಿಳಿಸುವವನೇ ಅಲ್ಲವೆಂದು ನನಗೆ ಮೊದಲೇ ಹೊಳೆದಿದ್ದರೆ ನಿನ್ನನ್ನು ನಂಬುತ್ತಲೇ ಇರಲಿಲ್ಲ. ಇಷ್ಟೂ ಇಂಗ್ಲಿಷಿನಲ್ಲಿ, ಒಂದೇ ಉಸಿರಿಗೆ, ಒಂದು ಕ್ರಿಯಾಪದವೂ ಜಾರದ ಹಾಗೆ. ಮಂಜಣ್ಣ ಬಾಯಿ ತೆರೆದ, ಮುಚ್ಚಿದ. “ಯೆಸ್ ಸಿಸ್ಟರ್,” ಎಂದ. ಹಾಲ್ ನಕ್ಕಿತು. ನಾನು ಇನ್ನೊಂದು ಅಂಥದ್ದೇ ವಾಕ್ಯ ಹೇಳಿದೆ.

ಕಿವಿಯಲ್ಲಿ ಬಂದ ಅಂಕ ಮೂರು.

“ಸಾರ್, ಒಂದು ತಪ್ಪು ತೋರಿಸಿ.”

“ತಪ್ಪೆಲ್ಲಿದೆ? ಒಂದೂ ಇಲ್ಲ.”

“ಮತ್ತೆ ಮೂರು ಯಾಕೆ?”

“ಪರದೆ ಬಿತ್ತಲ್ಲ ತಾಯಿ. ಇನ್ನೇನ್ ಮಾತು? ಹೊರಡು, ನಿಜವಾದ ಬಸ್ಸೂ ತಪ್ಪೋಗುತ್ತೆ.”

ಇದೇ ಅವರ ಉತ್ತರ, ಯಾವಾಗಲೂ. ಪರದೆ ಬಿತ್ತಲ್ಲ. ತರೀಕೆರೆಯವರೆಗೆ ಬಸ್ಸಿನ ಕಿಟಕಿಯ ಪಕ್ಕ ಕೂತು ನಾನು ಆ ವಾಕ್ಯವನ್ನು ಹತ್ತು ರೀತಿಯಲ್ಲಿ ಬಿಡಿಸಿ ನೋಡಿದೆ. ತಪ್ಪಿರಲಿಲ್ಲ.

ಅವರ ಕೋಪವನ್ನೂ ಹೇಳಬೇಕು. ಒಮ್ಮೆ ಪಂಚನಹಳ್ಳಿಯ ಕಡೆ ನಾಟಕದ ತಾಲೀಮಿಗೆ ನನ್ನನ್ನೂ ಕರೆದುಕೊಂಡು ಹೋದರು. ಶಾಲೆಯ ಹಾಲಿನಲ್ಲಿ ಮಧ್ಯಾಹ್ನದ ತಾಲೀಮು. ಖಳರಾಜನ ಪಾತ್ರಕ್ಕೆ ಬೋರ್‌ವೆಲ್ ಪಂಪುಗಳ ಅಂಗಡಿಯವರೊಬ್ಬರು. ಒಳ್ಳೆಯ ಕಂಠ. ಕಂದಪದ್ಯ ಎತ್ತಿಕೊಂಡವರು ಬಿಡಲೇ ಇಲ್ಲ. ಎದುರಿಗೆ ಮಂತ್ರಿಯ ಪಾತ್ರದವನು ಸೊಂಟದ ಮೇಲೆ ಕೈಯಿಟ್ಟು, ಆಮೇಲೆ ಕೈ ಕಟ್ಟಿ, ಆಮೇಲೆ ಕಿಟಕಿಯಾಚೆ ನೋಡುತ್ತ ನಿಂತಿದ್ದ. ಮೇಷ್ಟ್ರು ಹಾರ್ಮೋನಿಯಂನ ತಿದಿಯನ್ನು ದಬಕ್ಕನೆ ಮುಚ್ಚಿದರು.

“ಲೇ, ನಿನ್ ಪಾಡಿಗ್ ನೀನು ಹಾಡ್ಕೊಂಡ್ ನಿಂತ್ರೆ ಅವ್ನೇನು ತೆಂಗಿನ್‌ಮರ ಎಣಿಸ್ತಾ ಇರ್ಬೇಕೇನೋ?”

“ಚೆನ್ನಾಗ್ ಬತ್ತಿತ್ತಲ್ಲ ಮೇಷ್ಟ್ರೇ...”

“ಚೆನ್ನಾಗ್ ಬತ್ತಿತ್ತು. ಯಾರಿಗೆ ಬತ್ತಿತ್ತು? ಹೋಗು, ಮನೇಗ್ ಹೋಗಿ ಪಂಪ್‌ಸೆಟ್ ಮುಂದೆ ಹಾಡು. ಅದು ಎದುರು ಮಾತಾಡಲ್ಲ.”

ಅಂಗಡಿಯವರು ಮುನಿಸಿಕೊಂಡು ಹೊರಗೆ ಹೋದರು. ಅರ್ಧ ಗಂಟೆಯ ಮೇಲೆ ಮೇಷ್ಟ್ರೇ ಹೋಗಿ, ಕಡ್ಲೆಪುರಿಯ ಪೊಟ್ಟಣ ಕೈಗಿಟ್ಟು ಕರೆದುಕೊಂಡು ಬಂದರು. ಕೋಪವನ್ನು ಅವರು ಎಂದೂ ಮುಂದಿನ ದೃಶ್ಯದವರೆಗೆ ಎಳೆಯುತ್ತಿರಲಿಲ್ಲ. ವಿವರಣೆಯನ್ನೂ ಕೊಡುತ್ತಿರಲಿಲ್ಲ.

ಈಗ ನಾನು ತರೀಕೆರೆಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ನನ್ನ ಅಂತಿಮ ವರ್ಷದ ವಿದ್ಯಾರ್ಥಿಗಳು ಮುಂದುವರಿದ ವ್ಯಾಕರಣದ ಪತ್ರಿಕೆಯಲ್ಲಿ ಅರವತ್ತು ಎಪ್ಪತ್ತು ತೆಗೆಯುತ್ತಾರೆ. ಗೈಡು ಓದಿ ಬಿಟ್ಟ ಸ್ಥಳ ತುಂಬುತ್ತಾರೆ. ಬ್ಯಾಂಕಿನಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಕೇಳಿದರೆ ಪಕ್ಕದವರನ್ನು ಮುಂದೆ ತಳ್ಳುತ್ತಾರೆ. ಮೇಷ್ಟ್ರ ಹಾಲಿನಿಂದ ಹೋದವರು ಹಾಗಿರಲಿಲ್ಲ; ಮಂಜಣ್ಣ ಕೂಡ ಬೆಂಗಳೂರಿನ ಅಧಿಕಾರಿಗಳ ಜೊತೆ ಫೋನಿನಲ್ಲಿ ನಿರಾಳವಾಗಿ ಮಾತಾಡುತ್ತಾನೆ. ಅದಕ್ಕೇ ಜೂನ್‌ನಲ್ಲಿ ನಾನು ವಿಭಾಗಕ್ಕೆ ಒಂದು ಅರ್ಜಿ ಕೊಟ್ಟೆ: ಈ ಸೆಮಿಸ್ಟರಿನ ಆಂತರಿಕ ಪರೀಕ್ಷೆಯನ್ನು ವೇದಿಕೆಯ ಮೇಲೆ ಮಾಡುತ್ತೇನೆ.

ಮುಖ್ಯಸ್ಥೆ ಬೇಡವೆನ್ನಲಿಲ್ಲ. ಅವರು ಕೇಳಿದ್ದು ಒಂದೇ. “ಮಾಡಿ. ಆದ್ರೆ ಅಂಕ ಹೇಗೆ ಕೊಡ್ತೀರಿ ಅಂತ ಬರ್ದು ಕೊಡಿ. ನಾಳೆ ಒಬ್ಳು ಬಂದು ‘ನಂಗ್ಯಾಕೆ ನಾಲ್ಕು’ ಅಂದ್ರೆ ಏನ್ ತೋರಿಸ್ತೀರಿ? ಹಾರ್ಮೋನಿಯಂ ತೋರಿಸ್ತೀರಾ?”

ಆ ‘ನಂಗ್ಯಾಕೆ ನಾಲ್ಕು’ ಎಂದು ಕೇಳಿಕೊಂಡು ಎರಡು ವರ್ಷ ತಿರುಗಿದವಳು ನಾನೇ. ಅಜ್ಜಂಪುರಕ್ಕೆ ಹೊರಟೆ.

ಮೂರು ಸಲ ಹೋದೆ. ಮೊದಲ ಸಲ ಮೇಷ್ಟ್ರು ಜಗುಲಿಯ ಮೇಲೆ ಹಾರ್ಮೋನಿಯಂ ಬಿಚ್ಚಿಟ್ಟುಕೊಂಡು ಕೂತಿದ್ದರು. ರೀಡಿಗೆ ತೇವ ಹತ್ತಿದ ಕಥೆಯನ್ನು ಒಂದೂವರೆ ಗಂಟೆ ಹೇಳಿ, ಅನ್ನ ಸಾರು ಬಡಿಸಿ, ಪ್ಯಾಸೆಂಜರ್ ರೈಲಿಗೆ ಕಳಿಸಿದರು. ಎರಡನೇ ಸಲ ನಾನೇ ಕೋಷ್ಟಕ ಮಾಡಿಕೊಂಡು ಹೋಗಿದ್ದೆ: ವ್ಯಾಕರಣಕ್ಕೆ ನಾಲ್ಕು, ಪದಗಳಿಗೆ ಮೂರು, ಉಚ್ಚಾರಣೆಗೆ ಎರಡು, ಅಭಿನಯಕ್ಕೆ ಒಂದು. ಸರಿಯಿದೆಯೇ ನೋಡಿ ಸಾರ್ ಎಂದೆ. ಕನ್ನಡಕ ಹಾಕಿಕೊಂಡು ಓದಿದರು.

“ಒಳ್ಳೆ ಅಡಿಗೆ ಚೀಟಿ. ಉಪ್ಪು ಇಷ್ಟು, ಹುಳಿ ಇಷ್ಟು. ಉಣ್ಣೋರು ಯಾರಮ್ಮ ಇದ್ರಲ್ಲಿ?”

“ಸಾರ್, ನೀವೇ ಬರೆದುಕೊಡಿ. ಒಂದು ಹಾಳೆ ಸಾಕು.”

“ಬರ್ಕೊಡೋದಲ್ಲ ಕಣಮ್ಮ ಅದು. ಮುಂದಿನ್ ಭಾನುವಾರ ಕಡೂರಿಗೆ ಬಾ. ನನ್ ಪಕ್ಕ ವಿಂಗಲ್ಲಿ ಕೂತ್ಕೊ. ನೋಡು.”

“ಭಾನುವಾರ ನನಗೆ ಪರೀಕ್ಷಾ ಮೇಲ್ವಿಚಾರಣೆ ಇದೆ ಸಾರ್.”

“ಹಂಗಾದ್ರೆ ಅದರ ಮುಂದಿನ ಭಾನುವಾರ. ಪರದೆ ಎಲ್ಲಿಗ್ ಹೋಗುತ್ತೆ?”

ಅದರ ಮುಂದಿನ ಭಾನುವಾರ ಅವರು ಜ್ವರ ಬಂದು ಮಲಗಿದ್ದರು, ತರಗತಿ ನಡೆಯಲಿಲ್ಲ. ಮೂರನೇ ಸಲ ನೋಡಲು ಹೋದಾಗ ಮಾತಾಡಲು ಕೆಮ್ಮು ಬಿಡುತ್ತಿರಲಿಲ್ಲ. ಹಾಳೆಯ ಮಾತನ್ನು ನಾನು ಎತ್ತಲಿಲ್ಲ. ಅವರೇ ಎತ್ತಿದರು. “ಕೂತು ನೋಡಿದ್ರೆ ಹತ್ತು ನಿಮಿಷದ ಕೆಲ್ಸ,” ಎಂದು ಕೈಯಾಡಿಸಿದರು. ಹತ್ತು ನಿಮಿಷದ ಕೆಲಸವಾದರೆ ಎರಡು ವಾಕ್ಯದಲ್ಲಿ ಹೇಳಬಾರದೆ? ಎಂದುಕೊಂಡೇ ವಾಪಸು ಹೊರಟೆ. ಆರನೇ ದಿನ ಮಗಳ ಫೋನ್ ಬಂತು.

ಹನ್ನೊಂದನೇ ದಿನದ ಕಾರ್ಯಕ್ಕೆ ಹೋದೆ. ನಾಟಕದವರು ಒಂದು ಪಂಕ್ತಿ, ಇಂಗ್ಲಿಷಿನವರು ಒಂದು ಪಂಕ್ತಿ ಎಂಬಂತೆ ಜನ ಸೇರಿದ್ದರು. ಊಟವಾದ ಮೇಲೆ ಹಿತ್ತಲಿನ ನಲ್ಲಿಯ ಹತ್ತಿರ ಮಂಜಣ್ಣ ಸಿಕ್ಕ. ಕೈ ತೊಳೆಯುತ್ತಾ ನಾನು ನನ್ನ ಹಾಳೆಯ ಗೋಳು ಹೇಳಿಕೊಂಡೆ. ಬೀದಿಯ ಪರದೆಯ ಮುಂದೆ ನಿಂತ ಆ ದಿನ ನನಗೆ ಮೂರು ಬಂದಿತ್ತು ಎಂದೂ ಹೇಳಿಬಿಟ್ಟೆ. ಇನ್ನು ಗದರಿಸುವವರು ಯಾರಿದ್ದಾರೆ?

ಮಂಜಣ್ಣ ಟವೆಲಿನಲ್ಲಿ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದ. “ಮೂರಾ? ನಿಮಗಾ? ನಂಗೆ ಒಂಬತ್ತು ಬಂದಿತ್ತಲ್ರೀ ಅವತ್ತು!”

“ನಿನಗೆ ಒಂಬತ್ತಾ? ನೀನು ಹೇಳಿದ್ದೇ ‘ಯೆಸ್ ಸಿಸ್ಟರ್’ ಅಂತ!”

“ಅದು ನಿಮ್ ಸರದೀಲಿ. ಆಮೇಲೆ ನನ್ ಸರದಿ ಬರ್ಲಿಲ್ವಾ? ನಾನೇನೋ ತುಂಡು ತುಂಡಾಗಿ ಕೇಳ್ದೆ. ಬಸ್ ನಂಬರ್ ನೋಡಿದ್ರೆ ಹತ್ತುತಿದ್ದೆ, ನೀ ಯಾಕ್ ನೋಡ್ಲಿಲ್ಲ ಅಂದೆ. ನೀವು ಹುಲಿ ಹಂಗೆ ಎಗರಿ ಬಿದ್ರಿ, ಏನ್ ಜಗಳ ಆಡಿದ್ರಿ! ಇಡೀ ಹಾಲು ಚಪ್ಪಾಳೆ. ಮೇಷ್ಟ್ರು ನನ್ ಕಿವೀಲಿ ಒಂಬತ್ತು ಅಂದ್ರು. ನಂಗೂ ಅರ್ಥ ಆಗ್ಲಿಲ್ಲ. ಕೊಟ್ಟೋರ್ನ ಯಾಕ್ ಕೇಳ್ಬೇಕು ಅಂತ ಸುಮ್ಕಾದೆ.”

ನಾನು ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತೆ. ಮಂಜಣ್ಣನ ಸರದಿಯಲ್ಲಿ ಮೇಷ್ಟ್ರು ಕೂತದ್ದು ಮಂಜಣ್ಣನ ಬೆನ್ನ ಹಿಂದೆ. ಅಲ್ಲಿಂದ ಅವರಿಗೆ ಮಂಜಣ್ಣನ ಮುಖ ಕಾಣುವುದಿಲ್ಲ. ಕಾಣುವುದು ನನ್ನದು. ನನ್ನ ಸರದಿಯಲ್ಲಿ ಅವರಿಗೆ ಕಂಡದ್ದು ಬಾಯಿ ತೆರೆದು ಮುಚ್ಚಿದ ಮಂಜಣ್ಣ. ಮಾತಾಡಿದವರ ಅಂಕವನ್ನು ಅವರು ಎದುರಿಗಿದ್ದವರ ಮುಖದಿಂದ, ಎದುರಿಗಿದ್ದವರ ಉತ್ತರದಿಂದ ತೆಗೆಯುತ್ತಿದ್ದರು.

“ಅಂದ್ರೆ ನನ್ನ ವ್ಯಾಕರಣಕ್ಕೆ ನಿನಗೆ ಅಂಕ ಬಂತು!” ಎಂದೆ. ಧ್ವನಿ ಜೋರಾಯಿತೆಂದು ಕಾಣುತ್ತದೆ, ಎಲೆ ಎತ್ತುತ್ತಿದ್ದವರು ತಿರುಗಿ ನೋಡಿದರು.

“ನಾನ್ ಕೆಣಕಿದ್ದಕ್ಕೆ ನಿಮ್ ವ್ಯಾಕರಣ ಹೊರಗೆ ಬಂತು ಕಣ್ರೀ,” ಎಂದ ಮಂಜಣ್ಣ. ಅವನಿಗೆ ಖುಷಿಯೋ ಖುಷಿ. “ಸ್ಟೇಜ್ ಮೇಲೆ ಮೊದ್ಲು ಹೇಳ್ಕೊಡೋದೇ ಅದು. ನೀ ಎಷ್ಟೇ ದೊಡ್ಡ ಪಾತ್ರಧಾರಿ ಆಗು, ಮಾತು ಎದುರು ಪಾತ್ರಕ್ಕೆ ಎತ್ಕೊಳ್ಳೋಕೆ ಸಿಗ್ಬೇಕು.”

“ಎದುರಿಗೆ ನಿಂತವನಿಗೆ ಇಂಗ್ಲಿಷೇ ಬರದಿದ್ದರೆ? ಅವನ ಪಾಪಕ್ಕೆ ನಾನು ಅಂಕ ಕಳಕೊಳ್ಳಬೇಕಾ?”

“ಅದಕ್ಕೇ ಅಲ್ವಾ ಪ್ರತಿ ಭಾನುವಾರ ಜೋಡಿ ಬದಲಾಯಿಸ್ತಿದ್ದಿದ್ದು.”

ಅಜ್ಜಂಪುರದಿಂದ ತರೀಕೆರೆಯವರೆಗೆ ನನಗೆ ಮೇಷ್ಟ್ರ ಮೇಲೆ ಬಂದ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಹೇಳಿದ್ದರೆ ಒಂದು ವಾರದಲ್ಲಿ ತಿದ್ದಿಕೊಳ್ಳುತ್ತಿದ್ದೆ. ಹೇಳಿದ್ದರೆ ನಾವೆಲ್ಲ ಎದುರಿನವರನ್ನು ನೋಡಿ ಮಾತಾಡುವಂತೆ ನಟಿಸುತ್ತಿದ್ದೆವು, ಅದಕ್ಕೇ ಹೇಳಲಿಲ್ಲ ಎಂದು ಅವರ ಪರವಾಗಿ ಯಾರಾದರೂ ವಾದಿಸಬಹುದು. ವಾದಿಸಲಿ. ಸಾಯುವ ಮುಂಚೆಯಾದರೂ ಹೇಳಬಹುದಿತ್ತು.

ಮೊನ್ನೆ ಶುಕ್ರವಾರ ನನ್ನ ತರಗತಿಯಲ್ಲಿ ಇದನ್ನು ಮಾಡಿ ನೋಡಿದೆ. ಇಬ್ಬರು ಹುಡುಗಿಯರನ್ನು ಎದುರುಬದುರು ನಿಲ್ಲಿಸಿ, ಮಾತಾಡುವವಳ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತೆ. ಎದುರಿನವಳ ಕಣ್ಣು ಅರಳುವುದು, ಹುಬ್ಬು ಗಂಟಾಗುವುದು, ಉತ್ತರ ತುಟಿಗೆ ಬಂದು ನಿಲ್ಲುವುದು ಎಲ್ಲ ಕಂಡಿತು. ಮೇಷ್ಟ್ರು ಹೇಳಿದ ಹತ್ತು ನಿಮಿಷ ಸುಳ್ಳಲ್ಲ. ಆದರೆ ಕಂಡದ್ದಕ್ಕೆ ಐದು ಕೊಡುವುದೋ ಏಳು ಕೊಡುವುದೋ? ಉತ್ತರ ಬಂತು, ಕ್ರಿಯಾಪದದ ಕಾಲ ತಪ್ಪಿತು. ಆ ತಪ್ಪು ಯಾರ ಲೆಕ್ಕಕ್ಕೆ? ಎದುರಿನವಳು ನಕ್ಕಳು, ಮಾತಾಡಲಿಲ್ಲ, ಅದು ಉತ್ತರವೇ? ಹದಿನಾಲ್ಕು ಜೋಡಿ ನಿಲ್ಲಿಸಿದೆ. ಹದಿನಾಲ್ಕಕ್ಕೂ ಪೆನ್ಸಿಲಿನಲ್ಲಿ ಅಂಕ ಬರೆದು, ಹದಿನಾಲ್ಕನ್ನೂ ಅಳಿಸಿದೆ.

ಇಲ್ಲಿಗೆ ನಿಲ್ಲಿಸಿ ಎದ್ದಿದ್ದೆ. ಈಗ ಆಗಸ್ಟ್ ನಾಲ್ಕು, ಸೋಮವಾರ, ಸಂಜೆ ಐದೂವರೆ.

ಹಾಳೆಯಲ್ಲಿ ಕೊನೆಗೆ ಒಂದೇ ವಾಕ್ಯ ಬರೆದುಕೊಂಡು ಹೋದೆ: ಮಾತನಾಡಿದವರ ಅಂಕವನ್ನು ಎದುರು ನಿಂತವರ ಉತ್ತರ ನಿರ್ಧರಿಸುತ್ತದೆ. ಮುಖ್ಯಸ್ಥೆ ಎರಡು ಸಲ ಓದಿದರು. ನಗಲಿಲ್ಲ.

“ಮಾತು ಸರಿ ಇದೆ ಕಣ್ರೀ. ಆದ್ರೆ ಇದನ್ನ ಹತ್ತಕ್ಕೆ ಹೆಂಗೆ ಭಾಗ ಮಾಡ್ತೀರಿ?”

“ಗೊತ್ತಿಲ್ಲ ಮೇಡಂ. ಅವರಿಗೆ ಗೊತ್ತಿತ್ತು.”

“ಮತ್ತೆ ಒಬ್ಬ ಪೋಸ್ಟ್ ಆಫೀಸಿನೋರು ಹೇಳಿದ್ದೊಂದು ಬಿಟ್ರೆ ನಿಮ್ಮ ಹತ್ರ ಏನಿದೆ?”

ನನ್ನ ಹತ್ತಿರ ಮೂವತ್ತೊಂದು ಅಂಕಗಳಿವೆ, ಎಲ್ಲ ನನ್ನವು. ಅಷ್ಟನ್ನೇ ಹೇಳಿದೆ. ಈ ಸೆಮಿಸ್ಟರಿಗೆ ಎಂದಿನಂತೆ ಬಿಟ್ಟ ಸ್ಥಳ ತುಂಬುವ ಪತ್ರಿಕೆ. ವಿದ್ಯಾರ್ಥಿಗಳಿಗೆ ತಿಳಿಸಿದಾಗ ಮುಂದಿನ ಬೆಂಚಿನವರಿಗೆ ಸಮಾಧಾನವಾಯಿತು. ಶುಕ್ರವಾರ ಚೆನ್ನಾಗಿ ಜಗಳವಾಡಿದ್ದ ಇಬ್ಬರು ಮುಖ ಸಪ್ಪಗೆ ಮಾಡಿಕೊಂಡರು. ಜೋಡಿ ಅಂಕಗಳನ್ನು ಸಾಕಷ್ಟು ಕಲೆಹಾಕಿ ತಂದರೆ ಮುಂದಿನ ಸೆಮಿಸ್ಟರಿಗೆ ನೋಡೋಣ ಎಂದು ಮುಖ್ಯಸ್ಥೆ ಹೇಳಿದ್ದಾರೆ. ನೋಡೋಣ ಎಂದರೆ ಅವರು ನಿಜವಾಗಿ ನೋಡುತ್ತಾರೆ.

ಕಡೂರಿನ ಆ ಮಹಡಿಯ ಮೇಲೆ ಯಾವ ವರ್ಷವೇ ಆಗಲಿ, ಯಾವ ಪರದೆಯ ಮುಂದೆಯೇ ಆಗಲಿ ನಿಂತವರು ಇದನ್ನು ಓದುತ್ತಿದ್ದರೆ, ಈ ಬರಹ ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ಬರೆಯಬೇಕು. ನೀವು ಏನು ಹೇಳಿದಿರಿ, ಎದುರಿನವರು ಏನೆಂದರು, ಮೇಷ್ಟ್ರು ಕಿವಿಯಲ್ಲಿ ಎಷ್ಟೆಂದರು, ನೆನಪಿದ್ದಷ್ಟು ಸಾಕು. ಅವರ ಕಟ್ಟಳೆ ಮುರಿಯಲು ಮನಸ್ಸು ಬಾರದವರು ಹೆಸರು ಹಾಕುವುದು ಬೇಡ. ಒಂದು ಕೋರಿಕೆ ಮಾತ್ರ: ಅಂದು ನಿಮ್ಮೆದುರಿಗೆ ನಿಂತಿದ್ದವರು ಈಗ ಎಲ್ಲಿದ್ದಾರೋ ಹುಡುಕಿ, ಅವರ ಅಂಕವನ್ನೂ ಕೇಳಿ ಸೇರಿಸಿ ಕಳಿಸಿ. ಒಬ್ಬರ ಅಂಕದಿಂದ ನನಗೆ ಏನೂ ತಿಳಿಯುವುದಿಲ್ಲ.